ಕೂಸಿನ ದನಿಯ ಕೋಳಿಗಳು

ನಾನು ಈ ಜನ್ಮದಲ್ಲಿ ಕೋಳಿ ತಿಂದವಳಲ್ಲ. ಆದರೆ ಕೋಳಿಗಳು ನೋಡಿದಷ್ಟು ನನ್ನನ್ನು ಬೇರೆ ಯಾರೂ ನೋಡಿಲ್ಲ. ಮಂದಿ ನೋಡಿದರೆ ಸೆರಗು ಎಳೆದುಕೊಂಡು ಕಂಬದ ಮರೆಗೆ ಸರಿಯುವವಳು ನಾನು. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ನನ್ನನ್ನು ದಾಟಿ ಹೋದರೆ ‘ನನಗೆ ಹಾಕಲಿಲ್ಲ’ ಎನ್ನಲಾರದೆ, ಎಲೆಯ ತುದಿಯ ಉಪ್ಪಿನಕಾಯಿಯನ್ನಷ್ಟೇ ಮುಗಿಸಿ ಎದ್ದು ಬಂದಿದ್ದೇನೆ. ಅಂಥವಳು ಕೋಳಿ ಶೆಡ್ಡಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಸಾವಿರ ಕುತ್ತಿಗೆಗಳು ಒಮ್ಮೆಲೇ ಮೇಲೇಳುತ್ತವೆ. ಕೋಳಿಗೆ ಕಣ್ಣು ನಮ್ಮ ಹಾಗೆ ಮುಂದೆ ಇಲ್ಲ, ತಲೆಯ ಎರಡು ಮಗ್ಗುಲಿಗೆ ಇವೆ. ಅದು ನಿಮ್ಮನ್ನು ಸರಿಯಾಗಿ ನೋಡಬೇಕಾದರೆ ಮುಖವನ್ನು ಬೇರೆ ಕಡೆ ತಿರುಗಿಸಬೇಕು. ಸಾವಿರ ಮುಖಗಳು ಬೇರೆಲ್ಲೋ ತಿರುಗಿಕೊಂಡು, ಸಾವಿರ ಕಣ್ಣುಗಳು ನನ್ನೊಬ್ಬಳನ್ನೇ ನೋಡುತ್ತವೆ. ಅಲ್ಲಿ ಮರೆಗೆ ಸರಿಯಲು ಒಂದು ಕಂಬವೂ ಇಲ್ಲ.

ಮೊನ್ನೆ, ಮೊಮ್ಮಕ್ಕಳ್ರಾ, ನಿಮ್ಮಲ್ಲಿ ಸಣ್ಣವಳು ಕೇಳಿದಳು: “ಆಯಿ, ಶೆಡ್ಡಿನ್ಯಾಗ ದೆವ್ವ ಐತೇನ?”

“ಇಲ್ಲ” ಎಂದೆ. ಬಹಳ ಬೇಗ ಅಂದೆ. ಬೇಗ ಅಂದ ‘ಇಲ್ಲ’ವನ್ನು ಮಕ್ಕಳು ನಂಬುವುದಿಲ್ಲ. ಅಂದು ಸಂಜೆ ಅವಳು ಬಚ್ಚಲಿಗೂ ಒಬ್ಬಳೇ ಹೋಗಲಿಲ್ಲ. ಬಾಯಿಂದ ಹೇಳಲು ನನಗೆ ಬರುವುದಿಲ್ಲ. ಊರ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತೆ. ಅಲ್ಲಿಯೂ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ. ದೆವ್ವ ಇಲ್ಲ, ಮಕ್ಕಳ್ರಾ. ಆದರೆ ದೆವ್ವ ಇಲ್ಲದ ಜಾಗದಲ್ಲೂ ಮೈಮೇಲಿನ ಕೂದಲು ಎದ್ದು ನಿಲ್ಲುವುದುಂಟು.

ಶೆಡ್ ಹಾಕುವಾಗ ನೀವು ಬಹಳ ಸಣ್ಣವರು. ನಿಮ್ಮವ್ವ, ನನ್ನ ಸೊಸೆ ಗಿರಿಜಾ, ಬೈಲಹೊಂಗಲದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನೀವು ಏಳುವ ಮೊದಲು ಬಸ್ಸು ಹತ್ತುತ್ತಿದ್ದಳು, ನೀವು ಮಲಗಿದ ಮೇಲೆ ಇಳಿಯುತ್ತಿದ್ದಳು. ನಿಮ್ಮಪ್ಪನಿಗೆ ಸಕ್ಕರೆ ಕಾರ್ಖಾನೆಯ ಪಾಳಿ. ಒಂದು ದಿನ ಸಣ್ಣವಳು ನನ್ನನ್ನೇ ‘ಅವ್ವಾ’ ಎಂದು ಕರೆದಳು. ಅದನ್ನು ಕೇಳಿದ ನಿಮ್ಮವ್ವ ಉಣ್ಣದೆ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮರುದಿನ ಎದ್ದವಳೇ ಹೊಲದ ಅಂಚಿನಲ್ಲಿ ಕೋಳಿ ಶೆಡ್ ಹಾಕುತ್ತೇನೆ ಎಂದಳು. ಕಂಪನಿಯವರು ಮರಿ ಕೊಡುತ್ತಾರೆ, ಕಾಳು ಕೊಡುತ್ತಾರೆ. ನಾವು ಸಾಕಿ ದೊಡ್ಡದು ಮಾಡಿ ಅವರಿಗೇ ಕೊಡುವುದು. ಮೊದಲ ಸಲದ ಕೋಳಿ ಚೆನ್ನಾಗಿ ಬಂದರೆ ಮತ್ತೆ ಮರಿ ಬರುತ್ತವೆ. ಬಹಳ ಸತ್ತರೆ ಕಂಪನಿಯವರು ನಮ್ಮ ದಾರಿ ಮರೆಯುತ್ತಾರೆ, ನಿಮ್ಮವ್ವ ಮತ್ತೆ ನಸುಕಿನ ಬಸ್ಸು ಹತ್ತುತ್ತಾಳೆ. ಮಾತು ಇಷ್ಟೇ.

ನಿಮ್ಮ ಅಜ್ಜ ಹೋದ ಮೇಲೆ ನಮ್ಮ ಮನೆಗೆ ಹಿರಿಯರೆಂದರೆ ಅವರ ಅಣ್ಣ, ನನ್ನ ಭಾವನವರು. ನೀವು ದೊಡ್ಡಜ್ಜ ಎನ್ನುತ್ತೀರಲ್ಲ, ಅವರು. ಸುದ್ದಿ ಕೇಳಿ ಕೋಲು ಊರುತ್ತ ಬಂದರು.

“ಕೊರಳಾಗ ಲಿಂಗಾ ಕಟ್ಟಿದ ಮಂದಿ ಕೋಳಿ ಸಾಕತಾರೇನ ಗಿರಿಜವ್ವಾ? ಊರಾಗ ಏನಂದಾರು?”

“ನಾವೇನ ತಿನ್ನಂಗಿಲ್ಲಲ್ರಿ ಮಾವಾರ. ಸಾಕೂದಷ್ಟ.”

“ಸಾಕೂದಷ್ಟ ಅಂದ್ರ?”

“ನೀವು ಕಬ್ಬ ಹಚ್ಚತೀರಿ. ಅದರ ಕಾಕಂಬಿಲೆ ಸೆರೆ ಮಾಡತಾರಂತ. ನೀವೇನ ಕುಡೀತೀರೇನ್ರಿ?”

ಭಾವನವರು ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡು ಎದ್ದು ಹೋದರು. ಆಮೇಲೆ ಬಹಳ ದಿನ ಆ ಕಡೆ ಕಾಲಿಡಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ, ಕೇಳದಿದ್ದುದು ಒಳ್ಳೆಯದೇ ಆಯಿತು. ಭಾವನವರ ಮುಂದೆ ಗಟ್ಟಿಯಾಗಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ನಾನಂತೂ ಮದುವೆಯಾಗಿ ಬಂದಾಗಿನಿಂದ ಅವರ ಎದುರು ಕೆಮ್ಮಿದ್ದೂ ಸೆರಗಿನಲ್ಲೇ.

ನನಗೆ ಕೊಟ್ಟ ಕೆಲಸ, ಹಗಲು ಹೊತ್ತು ಶೆಡ್ಡಿನೊಳಗೆ ಸುಮ್ಮನೆ ಅಡ್ಡಾಡುತ್ತಿರುವುದು. ಕಾಳು ಮುಗಿದಿದೆಯೋ, ನೀರು ಚೆಲ್ಲಿದೆಯೋ, ಯಾವುದಾದರೂ ಮೂಲೆ ಹಿಡಿದು ಕೂತಿದೆಯೋ ನೋಡುವುದು. ಅದಕ್ಕೆಂದು ಒಂದು ಹಳೆಯ ಸೀರೆ ಹೊರಗಿನ ಗೂಟಕ್ಕೆ ತೂಗುತ್ತಿತ್ತು. ಅದನ್ನುಟ್ಟರೆ ನಾನು ಕೋಳಿಯವಳು. ಸ್ನಾನ ಮಾಡಿ ಅದನ್ನು ಬಿಟ್ಟರೆ ಲಿಂಗಪೂಜೆಯವಳು. ಎರಡಕ್ಕೂ ನೀರು ಒಂದೇ ಬೋರಿನದು. ಅದನ್ನು ಮಾತ್ರ ನಾನು ಹೆಚ್ಚು ವಿಚಾರ ಮಾಡಲು ಹೋಗಲಿಲ್ಲ.

ಮರಿಗಳು ತೂತು ಮಾಡಿದ ಪೆಟ್ಟಿಗೆಗಳಲ್ಲಿ ಬಂದವು. ಗಾಡಿಯಿಂದ ಇಳಿಸುವಾಗ ಒಳಗೆ ತಗಡಿನ ಮೇಲೆ ಮಳೆ ಬಿದ್ದಂಥ ಸದ್ದು. ಮುಚ್ಚಳ ತೆಗೆದದ್ದೇ ತಡ, ಮಳೆ ನಿಂತಿತು. ಎಲ್ಲವೂ ಒಂದೇ ಹಳದಿ, ಒಂದೇ ಅಳತೆ, ಒಂದೇ ದಿನ ಹುಟ್ಟಿದವು. ಒಂದನ್ನು ನೋಡಿ ಕಣ್ಣು ಮಿಟುಕಿಸಿದರೆ ಅದು ಕಳೆದು ಹೋಗುತ್ತಿತ್ತು. ಅದರ ಜಾಗದಲ್ಲಿ ಅದೇ ನಿಂತಿರುತ್ತಿತ್ತು.

ಕಂಪನಿಯ ಸೂಪರ್‌ವೈಸರ್ ಒಬ್ಬ ಮೆತ್ತನೆ ಮಾತಿನ ಹುಡುಗ. ಅವನೊಡನೆ ನೇರ ಮಾತಾಡಲು ನಾಚಿಕೆಯಾಗಿ ನಿಮ್ಮವ್ವನ ಕಿವಿಯಲ್ಲಿ ಹೇಳಿದೆ: “ಇವುಕ್ಕ ತಾಯಿ ಎಲ್ಲೈತಿ ಕೇಳು.”

“ತಾಯಿ ಬ್ಯಾರೆ ಊರಾಗ ಇರತಾವ್ರಿ. ಮೊಟ್ಟಿ ಇಟ್ಟ ಕೂಡಲೆ ತಗದ ಬಿಡತಾರ. ಮಿಷನ್ನಿನ್ಯಾಗ ಮರಿ ಆಗತಾವ.”

ನಾನು ಮತ್ತೆ ಕಿವಿಯಲ್ಲಿ: “ಆ ತಾಯಿಗೆ ತಾಯಿ?”

“ಅದೂ ಮಿಷನ್ನಿಂದ ಬಂದಿದ್ದರಿ.”

“ಅದಕ್ಕ?”

ಹುಡುಗ ನಕ್ಕುಬಿಟ್ಟ. “ಆಯಿ ಹಿಂಗ ಕೇಳಿಕೋತ ಹೋದ್ರ ನಾ ಇವತ್ತ ಊರ ಮುಟ್ಟಂಗಿಲ್ರಿ.”

ಅವನು ಗಾಡಿ ಹತ್ತಿ ಊರು ಮುಟ್ಟಿದ. ನಾನು ಮಾತ್ರ ಕೇಳಿಕೊಳ್ಳುತ್ತಲೇ ಉಳಿದೆ. ಮೊಟ್ಟೆಯ ಮೇಲೆ ಒಂದು ದಿನವೂ ಕೂರದ ತಾಯಿ, ಅದರ ಹಿಂದೆ ಅಂಥದೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಬಾವಿಯ ಹಗ್ಗ ಎಳೆಯುತ್ತ ಹೋದಂತೆ ಆಗುತ್ತಿತ್ತು, ಕೊಡ ಮಾತ್ರ ಮೇಲೆ ಬರಲೇ ಇಲ್ಲ.

ಅವು ಬೆಳೆದ ಬಗೆ ಹೇಳುತ್ತೇನೆ. ನೀವು ಬೆಳೆದದ್ದನ್ನು ನಿಮ್ಮಪ್ಪ ಬಾಗಿಲ ಚೌಕಟ್ಟಿನ ಮೇಲೆ ಗೆರೆ ಎಳೆದು ಇಟ್ಟಿದ್ದಾನೆ; ಗೆರೆಯಿಂದ ಗೆರೆಗೆ ಒಂದು ದೀಪಾವಳಿ ಬೇಕು. ಇವಕ್ಕೆ ಒಂದು ರಾತ್ರಿ ಸಾಕು. ಸಂಜೆ ನೋಡಿ ಬಂದ ಮರಿ ಮುಂಜಾನೆ ಇರುತ್ತಿರಲಿಲ್ಲ, ಯಾರೋ ಬಂದು ಬದಲಿ ಮಾಡಿ ಹೋದಂತೆ. ಹಳದಿ ತುಪ್ಪುಳು ಅಲ್ಲಲ್ಲಿ ಹರಿದು ಒಳಗಿನಿಂದ ಬಿಳಿಯದೊಂದು ಹೊರಗೆ ಬರುತ್ತಿತ್ತು. ಬಾಜೂ ಹೊಲದ ಹುಸೇನಬಿಯ ಜವಾರಿ ಮರಿಗಳು ಇನ್ನೂ ಮುಷ್ಟಿಯಷ್ಟೇ ಇರುವಾಗ ನಮ್ಮವು ಅನ್ನದ ಬೋಗುಣಿಯಷ್ಟಾಗಿ, ತಮ್ಮ ಭಾರ ತಾವೇ ಹೊರಲಾರದೆ ಕಾಳಿನ ಡಬ್ಬಿಯ ಎದುರು ಕುಳಿತೇ ಇರುತ್ತಿದ್ದವು.

ನನಗೆ ಎಲ್ಲಕ್ಕಿಂತ ಹೆಚ್ಚು ತಾಗಿದ್ದು ಅವುಗಳ ದನಿ. ಮೈ ಅಷ್ಟು ದೊಡ್ಡದಾದರೂ ದನಿ ಮಾತ್ರ ಪೆಟ್ಟಿಗೆಯಲ್ಲಿ ಬಂದ ದಿನದ್ದೇ. ಚಿಂವ್, ಚಿಂವ್. ಮೈಗೆ ಅವಸರ ಮಾಡಿಸಿದವರು ದನಿಗೆ ಹೇಳುವುದನ್ನು ಮರೆತಿದ್ದರು. ಕಣ್ಣು ಮುಚ್ಚಿದರೆ ತೊಟ್ಟಿಲ ಕೂಸುಗಳ ಕೋಣೆ; ಕಣ್ಣು ತೆಗೆದರೆ ಸಾವಿನ ಮನೆಯಲ್ಲಿ ಸಾಲಾಗಿ ಕುಳಿತ ಹೆಣ್ಣುಮಕ್ಕಳಂತೆ ದೊಡ್ಡ ದೊಡ್ಡ ಬಿಳಿಯ ಮೈಗಳು. ಎಷ್ಟೋ ಸಲ ಕಣ್ಣು ಮುಚ್ಚುವುದೋ ತೆಗೆಯುವುದೋ ತಿಳಿಯದೆ ಕಾಳಿನ ಬುಟ್ಟಿ ಹಿಡಿದುಕೊಂಡು ನಿಂತಿದ್ದೇನೆ. ಒಬ್ಬ ಹೆಂಗಸು ಒಂದೇ ಕಣ್ಣು ಮುಚ್ಚಿಕೊಂಡು ಕೋಳಿಗಳ ನಡುವೆ ನಿಂತಿದ್ದನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ!

ಶೆಡ್ಡಿನಲ್ಲಿ ಬಲ್ಬು ಉರಿಯುತ್ತಲೇ ಇರುತ್ತದೆ. ಹಾಗೆಂದು ಕತ್ತಲೆಯನ್ನೇ ಕಾಣದಿದ್ದರೆ, ಕರೆಂಟು ಹೋದ ದಿನ ಕೋಳಿಗಳು ಹೆದರಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಆದ್ದರಿಂದ ನಿಮ್ಮವ್ವ ದಿನಾ ಸಂಜೆ ಸ್ವಲ್ಪ ಹೊತ್ತು ದೀಪ ಆರಿಸಿ ಅವಕ್ಕೆ ಕತ್ತಲೆ ರೂಢಿ ಮಾಡಿಸುತ್ತಿದ್ದಳು. ಬಟನ್ ಒತ್ತಿದ ಕೂಡಲೆ ಅಷ್ಟೂ ದನಿ ಕತ್ತರಿಸಿದಂತೆ ನಿಲ್ಲುತ್ತಿತ್ತು. ಆಮೇಲೆ ಉಸಿರು ಕೇಳಿಸುತ್ತಿತ್ತು. ಸಾವಿರ ಸಣ್ಣ ಉಸಿರಲ್ಲ, ಒಂದು ದೊಡ್ಡದು, ಶೆಡ್ಡಿನಷ್ಟು ಉದ್ದದ ಒಂದು ಪ್ರಾಣಿ ಮಲಗಿ ಉಸಿರಾಡಿದಂತೆ.

ನನ್ನ ತವರು ಹೂಲಿ. ಅಲ್ಲಿ ಊರ ತುಂಬ ಹಳೆಯ ಗುಡಿಗಳು, ಕೆಲವಕ್ಕೆ ದೇವರಿಲ್ಲ, ಕೆಲವಕ್ಕೆ ಮೇಲ್ಚಾವಣಿಯಿಲ್ಲ. ಸಣ್ಣವರಿದ್ದಾಗ ಕರು ಮೇಯಿಸಲು ಹೋದ ನಾವು ಹುಡುಗಿಯರು ಲಿಂಗವಿಲ್ಲದ ಗರ್ಭಗುಡಿಯ ಬಾಗಿಲಲ್ಲಿ ನಿಂತು ನಮ್ಮ ನಮ್ಮ ಹೆಸರನ್ನು ಕೂಗುತ್ತಿದ್ದೆವು. ಕೂಗು ತಿರುಗಿ ಬರುತ್ತಿತ್ತು, ಆದರೆ ತುಸು ತಡವಾಗಿ, ಒಳಗೆ ಯಾರೋ ಅದನ್ನು ಕೈಯಲ್ಲಿ ಹಿಡಿದು ನೋಡಿ ಕಳಿಸಿದ ಹಾಗೆ. ಉಳಿದವರು ನಗುತ್ತಿದ್ದರು. ನಾನು ಮಾತ್ರ ಒಮ್ಮೆಯೂ ನನ್ನ ಹೆಸರು ಕೂಗಲಿಲ್ಲ. ತಿರುಗಿ ಕಳಿಸದಿದ್ದರೆ?

ಇರಲಿ, ಎಳ್ಳ ಅಮಾವಾಸ್ಯೆಗೆ ಬರುತ್ತೇನೆ. ಅಂದು ನಮ್ಮಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ನಿಮಗೆ ಗೊತ್ತಿದೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಲ್ಲವನ್ನೂ ಕಲಸಿ ಬೆಳೆಯ ಮೇಲೆ ಚೆಲ್ಲುತ್ತ ಹೊಲವನ್ನು ಸುತ್ತುವುದು. ಮುಂದಿನವರು “ಹುಲ್ಲುಲ್ಲಿಗೋ…” ಎಂದು ಕೂಗಿದರೆ ಹಿಂದಿನವರು “ಸಲಾಂಬರಿಗೋ…” ಎನ್ನುತ್ತಾರೆ. ನೇಸರಗಿಯ ಕಡೆ ಒಂದು ಬಗೆ ಕೂಗಿದರೆ ಸಿರಸಂಗಿಯ ಕಡೆ ಇನ್ನೊಂದು ಬಗೆ. ಅರ್ಥ ಯಾರಿಗೂ ಗೊತ್ತಿಲ್ಲ. ಯಾರಿಗೆ ಕೂಗುತ್ತೇವೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು: ಮಟಮಟ ಮಧ್ಯಾಹ್ನ ಹೊಲದ ಬದುವಿನ ಮೇಲೆ ನಿಂತಿರುವ, ನಮಗೆ ಕಾಣದವರಿಗೆ.

ಆ ವರ್ಷ ಭಾವನವರು ನೆಂಟರನ್ನೆಲ್ಲ ಕರೆದುಕೊಂಡು ಬಂದರು. ಹೊಲ ಸುತ್ತಿ ಮುಗಿಯುವ ಹೊತ್ತಿಗೆ ತಾವಾಗಿಯೇ ಶೆಡ್ಡಿನ ಕಡೆ ತಿರುಗಿದರು.

“ಗಿರಿಜವ್ವಾ, ಇದು ನಿಂತದ್ದೂ ನಮ್ಮ ಭೂಮಿ ಮ್ಯಾಲ. ಇದನ್ನ ಬಿಟ್ಟ ಚರಗ ಚೆಲ್ಲಿದ್ರ ಭೂಮಿತಾಯಿ ಮುನಿಸ ಮಾಡ್ಯಾಳು. ನಡೀರಿ, ಇದಕ್ಕೂ ಒಂದ ಸುತ್ತ.”

ಅದು ಅವರು ರಾಜಿಯಾದ ಬಗೆ. ನಿಮ್ಮವ್ವನ ಕಣ್ಣಲ್ಲಿ ನೀರು ಬಂತು. ಆ ಸಂತೋಷದಲ್ಲಿ ನಮಗಾರಿಗೂ ಹೊಳೆಯಲಿಲ್ಲ: ಭೂಮಿಗೆ ಚರಗ ಗೊತ್ತು, ಬೆಳೆಗೆ ಗೊತ್ತು, ಕೋಳಿಗೆ ಗೊತ್ತಿಲ್ಲ.

ಚಳಿಗಾಲವೆಂದು ಶೆಡ್ಡಿನ ಸುತ್ತ ಗೋಣಿತಟ್ಟಿನ ಪರದೆ ಇಳಿಬಿಟ್ಟಿದ್ದೆವು. ಒಳಗಿನವಕ್ಕೆ ಏನೂ ಕಾಣುವಂತಿರಲಿಲ್ಲ. ಭಾವನವರ ಕೂಗು ಹರೆಯದಲ್ಲಿ ಮುಂದಿನ ಊರಿಗೆ ಕೇಳುತ್ತಿತ್ತಂತೆ; ಅಂದು ಹರೆಯ ಮರಳಿ ಬಂದಿತ್ತು. “ಹುಲ್ಲುಲ್ಲಿಗೋ!” ಎಂದರು, ಪರದೆಗೆ ಮುಖವಿಟ್ಟು. ಹಿಂದಿನವರೆಲ್ಲ ಒಟ್ಟಿಗೆ “ಸಲಾಂಬರಿಗೋ!” ಎಂದರು. ಒಳಗೆ ಚಿಂವ್ ಚಿಂವ್ ನಿಂತಿತು. ಮರುಗಳಿಗೆ ಜೋಳದ ಚೀಲದ ಬಾಯಿ ಬಿಚ್ಚಿ ಸುರಿದಂಥ ಸದ್ದು.

ನಿಮ್ಮವ್ವ ಕೈಯಲ್ಲಿದ್ದ ತಾಟನ್ನು ಅಲ್ಲಿಯೇ ಎಸೆದು ಒಳಗೆ ಓಡಿದಳು. ಅಷ್ಟೂ ಕೋಳಿಗಳು ದೂರದ ಮೂಲೆಗೆ ಹೋಗಿ ಒಂದರ ಮೇಲೊಂದು ಏರುತ್ತಿದ್ದವು. ಬಿಳಿಯ ಗುಡ್ಡೆ ಅವಳ ಸೊಂಟದಷ್ಟು ಎದ್ದಿತ್ತು, ಇನ್ನೂ ಏಳುತ್ತಿತ್ತು. ಅವಳು ಎರಡು ಕೈಯಲ್ಲಿ ಎಳೆದೆಳೆದು ಹಾಕಿದಂತೆ ಅವು ತಿರುಗಿ ಅಲ್ಲಿಗೇ ಏರುತ್ತಿದ್ದವು. ಕೆಳಗಿನವು ಉಸಿರು ಕಟ್ಟಿ ಸಾಯುತ್ತಿವೆ ಎಂದು ಎಲ್ಲರಿಗೂ ಗೊತ್ತು. ನೆಂಟರು ಬಾಗಿಲಲ್ಲಿ ನಿಂತರು. ಭಾವನವರ ಬಾಯಿ ತೆರೆದಂತೆಯೇ ಇತ್ತು.

“ಅತ್ತೀ!” ಎಂದು ಕೂಗಿದಳು ನಿಮ್ಮವ್ವ. ಅಷ್ಟು ಜನ ಇದ್ದಾಗ ನನ್ನನ್ನೇ ಯಾಕೆ ಕರೆದಳೋ.

ನಾನು ಭಾವನವರನ್ನು ದಾಟಿ ಒಳಗೆ ಹೋದೆ. ಹೋಗಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆಗ ನನ್ನ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದನ್ನು ಬರೆದು ತೋರಿಸಲು ಬರುವುದಿಲ್ಲ. ಕೊರ್ ಎಂದರೆ ಕೊರ್ ಅಲ್ಲ, ಲೊಕ್ ಎಂದರೆ ಲೊಕ್ ಅಲ್ಲ. ಎದೆಗೂಡಿನ ಕೆಳಗಿನಿಂದ ಬಿಟ್ಟು ಬಿಟ್ಟು ಬರುವ ತಗ್ಗಿನ ದನಿ. ನಾನು ಮಾಡಿದೆನೆಂದು ಹೇಳಲಾರೆ. ನನ್ನ ತವರಲ್ಲೂ ಅತ್ತೆಮನೆಯಲ್ಲೂ ಕೋಳಿ ಸಾಕಿದವರಿಲ್ಲ.

ಗುಡ್ಡೆಯ ಮೇಲಿನ ಒಂದು ತಲೆ ಎದ್ದಿತು, ಆಮೇಲೆ ಹತ್ತಾರು. ಒಂದೊಂದಾಗಿ ಇಳಿದವು. ಓಡಲಿಲ್ಲ, ದೊಡ್ಡ ಮೈ ತೂಗಾಡಿಸುತ್ತ ನಡೆದು ಬಂದು ನನ್ನ ಸುತ್ತ ನಿಂತವು. ಹತ್ತಿರದವು ತಲೆ ತಗ್ಗಿಸಿ ನನ್ನ ಸೀರೆಯ ನಿರಿಗೆಯ ಕೆಳಗೆ ನುಗ್ಗಿದವು. ನನ್ನ ಕಣಕಾಲಿಗೆ ಬಿಸಿ ಬಿಸಿ ಕೊಕ್ಕುಗಳು ತಾಗುತ್ತಿದ್ದವು. ದೂರದವು ಇದ್ದಲ್ಲೇ ಕುಳಿತವು. ಶೆಡ್ಡಿನ ತುಂಬ ಆ ಒಂದು ದನಿ ಬಿಟ್ಟು ಬೇರೆ ಸದ್ದಿಲ್ಲ. ಅದು ಯಾವಾಗ ನಿಂತಿತೆಂದು ನನಗೆ ಗೊತ್ತಾಗಲಿಲ್ಲ.

ಅಡಿಯಲ್ಲಿ ಸಿಕ್ಕವು ಕೆಲವು ಹೋದವು. ಆದರೆ ನಿಮ್ಮವ್ವ ಹೆದರಿದಷ್ಟು ಹೋಗಲಿಲ್ಲ. ಭಾವನವರು ಕೋಲು ಊರಿ ನನ್ನ ಕಡೆ ತಿರುಗಿ ಹೇಳಿದರು: “ನೀಲವ್ವಾ, ಇಷ್ಟ ವರ್ಷಕ್ಕ ನಿನ್ನ ದನಿ ಇವತ್ತ ಕೇಳಿದ್ನಿ ನೋಡವಾ.”

ನನಗೆ ನಾಚಿಕೆಯಿಂದ ಭೂಮಿಗಿಳಿದಂತಾಯಿತು. ಮೊದಲ ಸಲ ಕೇಳಿಸಿದ ದನಿಯಾದರೂ ಮನುಷ್ಯರದ್ದಾಗಬಾರದಿತ್ತೆ!

ಚರಗದ ಊಟಕ್ಕೆಂದು ಬಂದಿದ್ದ ಹುಸೇನಬಿ ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿದ್ದಳು. ಕಡುಬು ಮುರಿಯುತ್ತ ನನ್ನ ಮಗ್ಗುಲಲ್ಲಿ ಕುಳಿತಳು.

“ಯಕ್ಕಾ, ಕೋಳಿ ತನ್ನ ಮರಿಗೆ ಕಾಳ ಬಿದ್ದಾಗ ಒಂದ ನಮೂನಿ ಕರೀತೈತಿ, ಹದ್ದ ಬಂದಾಗ ಒಂದ ನಮೂನಿ ಕೂಗತೈತಿ. ನೀ ಮಾಡಿದ್ದು ಎರಡೂ ಅಲ್ಲ. ರೆಕ್ಕಿ ಕೆಳಗ ಬರ್ರಿ ಅಂತ ಕರಿಯೂದು ಅದು.”

“ನನಗ ಯಾರ ಕಲಿಸ್ಯಾರ ಹುಸೇನಬಿ?”

“ಅವುಕ್ಕ ಯಾರ ಕಲಿಸ್ಯಾರ?”

ಅವಳು ಕಡುಬು ತಿಂದಳು. ನನ್ನ ಕೈಯಲ್ಲಿದ್ದದ್ದು ಹಾಗೆಯೇ ಉಳಿಯಿತು. ಬೇಲಿಯಾಚೆ ಅವಳ ಕೋಳಿಗಳು ಕರೆಯುವುದು ಕಿವಿಗೆ ಬಿದ್ದು ಬಿದ್ದು ನನ್ನೊಳಗೆ ಕುಳಿತಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಮರಿಗಳು? ಮಿಷನ್ನಿನ ತಾಯಿಗೆ ಹುಟ್ಟಿದ ಮಿಷನ್ನಿನ ಮರಿಗಳು. ಎಷ್ಟೋ ತಲೆಮಾರಿನಿಂದ ಯಾರೂ ಕರೆಯದ ಕರೆಯನ್ನು ಅವು ಎಲ್ಲಿ ಇಟ್ಟುಕೊಂಡಿದ್ದವು? ಕರೆ ಬರುತ್ತದೆಂದು ಎಷ್ಟು ಕಾಲದಿಂದ ಕಾಯುತ್ತಿದ್ದವು? ಒಮ್ಮೆ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಮತ್ತೆ ಆ ಸದ್ದು ಮಾಡಲು ನೋಡಿದೆ. ಕೆಮ್ಮು ಬಂತು.

ಅಂದಿನಿಂದ ನಾನು ಒಳಗೆ ಹೋದರೆ ಅವು ಚಿಂವ್ ಎನ್ನುವುದನ್ನೂ ಬಿಟ್ಟು ಸುಮ್ಮನಾಗುತ್ತಿದ್ದವು. ಒಂದು ಮಗ್ಗುಲ ಕಣ್ಣಿನಿಂದ ನೋಡುತ್ತ ಕಾಯುತ್ತಿದ್ದವು.

ಸಂಕ್ರಾಂತಿ ಕಳೆದ ಮೇಲೆ ಒಂದು ನಸುಕಿನಲ್ಲಿ ಕಂಪನಿಯ ಲಾರಿ ಬಂತು. ಕೋಳಿ ಹಿಡಿಯುವ ಗಂಡಾಳುಗಳು ಪ್ಲಾಸ್ಟಿಕ್ ಕ್ರೇಟುಗಳನ್ನು ಧಡಧಡ ಇಳಿಸಿದರು. ಅವರಲ್ಲೊಬ್ಬ ನನ್ನನ್ನು ನೋಡಿ, “ಆಯಿ, ನಿಮ್ಮ ಮೊಮ್ಮಕ್ಕಳನ್ನ ಸಾಲಿಗೆ ಕರಕೊಂಡ ಹೋಗಾಕ ಬಂದೇವ್ರಿ” ಎಂದ. ಉಳಿದವರು ನಕ್ಕರು. ಕ್ರೇಟಿನ ಸದ್ದಿಗೆ ಕೋಳಿಗಳು ಆಗಲೇ ಆ ಮೂಲೆಯ ಕಡೆ ಸರಿಯತೊಡಗಿದ್ದವು.

ನಿಮ್ಮವ್ವ ನನ್ನ ರಟ್ಟೆ ಹಿಡಿದಳು. “ಅತ್ತಿ, ಒಂದ ಸಲ ಕರೀರಿ. ಸುಮ್ಮ ಕುಂಡರತಾವ.”

“ಒಲ್ಲೆ” ಎಂದೆ. ಅವಳಿಗೆ ನಾನು ಒಲ್ಲೆ ಎಂದದ್ದು ಅದೇ ಮೊದಲು.

“ಮತ್ತ ಒಂದರ ಮ್ಯಾಲೊಂದ ಗುಂಪಿ ಬಿದ್ದು ಸತ್ತರ? ಇಷ್ಟ ದಿನಾ ಮಾಡಿದ್ದೆಲ್ಲಾ ಹೋಗತೈತಲ್ರಿ. ಹುಡುಗೂರನ್ನ ಬಿಟ್ಟ ನಾ ಮತ್ತ ಬಸ್ ಹತ್ತಲೇನ?”

ಆ ಮಾತು ನನಗೆ ನಾಟಿತು. ನೀವಿಬ್ಬರೂ ಆಗ ಮನೆಯಲ್ಲಿ ಕೌದಿ ಹೊದ್ದು ಮಲಗಿದ್ದಿರಿ. ಸದ್ದು ಗಂಟಲಿನವರೆಗೆ ಬಂತು, ಬಚ್ಚಲಲ್ಲಿ ಬಾರದ್ದು ಅಲ್ಲಿ ತಾನಾಗಿ ಬಂತು. ನುಂಗಿದೆ.

“ಕರದ್ರ ಬರತಾವ, ಗಿರಿಜಾ. ರೆಕ್ಕಿ ಕೆಳಗ ಅಂತ ಬರತಾವ. ಹಂಗ ಕರದ ಲಾರಿಗೆ ಕೊಡೂದು ನನ್ನ ಕೈಲೆ ಆಗಂಗಿಲ್ಲ.”

“ಮತ್ತೇನ ಮಾಡೂದ್ರಿ?”

“ಎತ್ತಿ ಕೊಡತೇನಿ. ಕರಿಯಂಗಿಲ್ಲ.”

ಒಳಗೆ ಹೋಗಿ, ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನ ಮೇಲೆ ಕುಳಿತೆ. ಹತ್ತಿರದ ಒಂದನ್ನು ರೆಕ್ಕೆ ಮಡಚಿ ಎದೆಗೆ ಆನಿಸಿ ಎತ್ತಿಕೊಂಡೆ. ಅದರ ಎದೆ ನನ್ನ ಅಂಗೈಯಲ್ಲಿ ಹೊಲಿಗೆ ಮಿಷನ್ನಿನ ಹಾಗೆ ಓಡುತ್ತಿತ್ತು, ತುಸು ಹೊತ್ತಿಗೆ ನಿಧಾನವಾಯಿತು. ನಿಮ್ಮವ್ವನ ಕೈಗೆ ಕೊಟ್ಟೆ, ಅವಳು ಕ್ರೇಟಿಗೆ ಇಳಿಸಿದಳು. ಇನ್ನೊಂದನ್ನು ಎತ್ತಿದೆ.

“ಹಿಂಗಾದ್ರ ಮುಂದಿನ ಅಮಾಸಿಗೆ ಲಾರಿ ತುಂಬತೈತಿ ನೋಡ್ರಲೇ” ಎಂದ ಆ ಮೊದಲಿನವ. ಅವರ ಹಿರಿಯಾಳು ಮಾತ್ರ ಬಾಗಿಲಲ್ಲಿ ನಿಂತು, ಕೋಳಿಗಳು ಮೂಲೆಗೆ ಓಡದೆ ಕುಳಿತದ್ದನ್ನು ನೋಡಿದ. “ಬಾಯಿ ಮುಚ್ಚಿ ನೀನೂ ಕುಂಡರು” ಎಂದ. ಒಬ್ಬೊಬ್ಬರಾಗಿ ಅಲ್ಲಲ್ಲಿ ಹೊಟ್ಟಿನ ಮೇಲೆ ಕುಳಿತು ಎತ್ತತೊಡಗಿದರು. ಹೊರಗೆ ಬಿಸಿಲು ಬಂತು. ಗುಂಪಿ ಬೀಳಲಿಲ್ಲ.

ನನ್ನ ಕೈಗೆ ಬಂದ ಪ್ರತಿಯೊಂದೂ ಮುಖ ಆಚೆ ತಿರುಗಿಸಿ ಒಂದು ಕಣ್ಣಿನಿಂದ ನನ್ನನ್ನು ನೋಡಿತು, ಈಗ ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎನ್ನುವಂತೆ. ನಾನೂ ನೋಡಿದೆ. ಕರೆಯಲಿಲ್ಲ. ಲಾರಿ ಹೊರಟು ರಸ್ತೆಗೆ ತಿರುಗುವವರೆಗೆ ಕ್ರೇಟುಗಳಿಂದ ತೊಟ್ಟಿಲ ಕೂಸುಗಳ ದನಿ ಕೇಳಿಸುತ್ತಿತ್ತು.

ಕಂಪನಿಯವರು ಮತ್ತೆ ಮರಿ ಕೊಟ್ಟರು. ನಿಮ್ಮವ್ವ ಬಸ್ಸು ಹತ್ತಲಿಲ್ಲ. ಈಗಲೂ ಲಾರಿ ಬಂದ ದಿನ ನಾವು ಕುಳಿತೇ ಎತ್ತಿ ಕೊಡುತ್ತೇವೆ. ಆಳುಗಳು ನಮ್ಮ ಶೆಡ್ಡಿಗೆ ಬರಲು ಬೇಸರಪಡುತ್ತಾರೆ, ಆದರೂ ಬರುತ್ತಾರೆ.

ಆ ಸದ್ದು ಇನ್ನೂ ನನ್ನೊಳಗೆ ಎಲ್ಲೋ ಇದೆ. ಇದ್ದುದರಿಂದಲೇ ನನಗೆ ಕರೆಯುವುದೆಂದರೆ ಅಂಜಿಕೆ. ಯಾರನ್ನು ಕರೆದರೂ ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ಆಯಿ ಅಂಗಳದಲ್ಲಿ ನಿಂತು ಡಂಗುರ ಸಾರುತ್ತಾಳೆ ಎಂದು ನೀವು ನಗುತ್ತೀರಿ. ಉಣ್ಣಾಕ ಬರ್ರಿ. ತಲಿಗೆ ಎಣ್ಣಿ ಹಚ್ಚಾಕ ಬರ್ರಿ. ದವಾಖಾನಿಗೆ ಹೋಗಿ ಸೂಜಿ ಚುಚ್ಚಿಸಿಕೊಳ್ಳಾಕ ಬರ್ರಿ. ಬೈಸಿಕೊಳ್ಳಾಕ ಬರ್ರಿ. ಕೊನೆಯ ಎರಡಕ್ಕೆ ನೀವಿಬ್ಬರೂ ಹಿತ್ತಲ ಗೋಡೆ ಹಾರಿ ಓಡುತ್ತೀರಿ. ನಿಮ್ಮವ್ವ ನನ್ನ ಮೇಲೆ ಸಿಟ್ಟಾಗುತ್ತಾಳೆ, “ಮೊದಲ ಹೇಳಿದ್ರ ಯಾರ ಬರತಾರ ಅತ್ತಿ?” ಎಂದು. ಓಡಬೇಕೆನ್ನುವವರಿಗೆ ಓಡಲು ಹೊತ್ತು ಸಿಗಲೆಂದೇ ಅಲ್ಲವೆ, ನಾನು ಮೊದಲು ಹೇಳುವುದು.